ಕೇಳಿ ಕೊಡುವ ನಿಧಾನಕ್ಕ

ಕತ್ತಲು ಇನ್ನೂ ಪೂರ್ತಿ ಕರಗಿಲ್ಲ. ಕಾಲುವೆಯ ಮೇಲಿನ ಮಂಜು ಸೇತುವೆಯ ಕಂಬಿಗಳನ್ನು ಅರ್ಧಕ್ಕೆ ನುಂಗಿದೆ. ಆಚೆ ದಡದ ನೂಲಿನ ಗಿರಣಿಯಲ್ಲಿ ರಾತ್ರಿಪಾಳಿ ಬಿಡುವ ಸೀಟಿ ಕೂಗುತ್ತದೆ. ಸ್ವಲ್ಪ ಹೊತ್ತಿಗೆಲ್ಲ ಮಂಜಿನೊಳಗಿಂದ ಹೆಂಗಸರು ಒಬ್ಬೊಬ್ಬರಾಗಿ ಮೂಡಿ ಬರುತ್ತಾರೆ. ತಲೆಗೂದಲಲ್ಲಿ, ಕಣ್ಣರೆಪ್ಪೆಯ ಮೇಲೆ, ತೋಳಿನ ಮಡಿಕೆಯಲ್ಲಿ ಹತ್ತಿಯ ನವಿರು. ಮೋಡದ ಮೇಲೆ ಮಲಗಿದ್ದು ಈಗಷ್ಟೇ ಇಳಿದು ಬಂದವರ ಹಾಗೆ ಕಾಣುತ್ತಾರೆ. ಯಾರೂ ಜೋರಾಗಿ ಮಾತಾಡುವುದಿಲ್ಲ. ರಾತ್ರಿಯೆಲ್ಲ ಯಂತ್ರದ ಗದ್ದಲ ಕೇಳಿದ ಕಿವಿಗೆ ಈ ಮೌನವೇ ಒಂದು ಸ್ನಾನ.

ಸೇತುವೆ ಇಳಿದರೆ ಎಡಕ್ಕೊಂದು ಹಳೇ ಕಟ್ಟಡ. ಮುಂದುಗಡೆ ಆಸ್ಪತ್ರೆ, ಹಿಂದುಗಡೆ ಅಂಗಳಕ್ಕೆ ತೆರೆದುಕೊಳ್ಳುವ ಒಂದೇ ಕೋಣೆ. ಊರು ಕಣ್ಣು ಬಿಡುವ ಮೊದಲೇ ಅಲ್ಲಿ ದೀಪ ಹತ್ತುತ್ತದೆ. ಐವತ್ತು ದಾಟಿದ, ಸಣ್ಣ ಮೈಕಟ್ಟಿನ ನರ್ಸೊಬ್ಬರು ಚಹಾಕ್ಕೆ ನೀರಿಟ್ಟು, ಮೇಜಿನ ಮೇಲೆ ನೀಲಿ ಬಟ್ಟೆ ಹಾಸಿ, ಡಬ್ಬಿಯಿಂದ ಒಂದೊಂದೇ ಸಾಮಾನು ಎತ್ತಿಡುತ್ತಾರೆ: ಮಾತ್ರೆಯ ಹಾಳೆ, ಕಾಂಡೋಮಿನ ಪೊಟ್ಟಣ, ಚುಚ್ಚುಮದ್ದಿನ ಪುಟ್ಟ ಶೀಷೆ, ತಾಮ್ರದ ತಂತಿ ಸುತ್ತಿದ ಕಾಪರ್-ಟಿ, ತೋಳಿನ ಚರ್ಮದಡಿ ಇಡುವ ಬೆಂಕಿಕಡ್ಡಿಯಂಥ ಸಣ್ಣ ಕಡ್ಡಿ. ಎಲ್ಲಕ್ಕಿಂತ ಕೊನೆಗೆ, ಎಲ್ಲಕ್ಕಿಂತ ಜೋಪಾನವಾಗಿ, ಬಟ್ಟೆಯಲ್ಲಿ ಹೊಲಿದ ಒಂದು ಗರ್ಭಕೋಶ. ಗಿರಣಿಯ ಚಿಂದಿ ತಂದು ಅವರೇ ಹೊಲಿದದ್ದು. ಹೊರಗೆ ಗುಲಾಬಿ, ಒಳಗೆ ಕೆಂಪು, ಎರಡು ಬದಿಗೂ ಹುರಿಯಂಥ ನಾಳ. ಮೊದಲ ಸಲ ಕಂಡವರು ಮಗುವಿನ ಟೊಪ್ಪಿಗೆ ಅಂದುಕೊಳ್ಳುತ್ತಾರೆ.

ಈ ನರ್ಸಿಗೆ ಹೆತ್ತವರಿಟ್ಟ ಹೆಸರು ನೇಮಕದ ಕಾಗದದಲ್ಲಿ ಬಿಟ್ಟರೆ ಎಲ್ಲೂ ಉಳಿದಿಲ್ಲ. ಊರಿಗೆಲ್ಲ ಅವರು ನಿಧಾನಕ್ಕ. ಆ ಹೆಸರಿಟ್ಟವರು ಹಿಂದಿದ್ದ ಡಾಕ್ಟರು, ಅದೂ ಹೊಗಳಲಿಕ್ಕಲ್ಲ. ಗರ್ಭ ತಡೆಯುವ ವಿಧಾನಗಳನ್ನು ತಿಳಿಸಿ ಹೇಳಿ ಕಳಿಸಮ್ಮ ಎಂದರೆ, ಒಬ್ಬೊಬ್ಬರ ಜತೆ ಅರ್ಧ ಬೆಳಗು ಕೂತುಬಿಡುವ ಈ ನರ್ಸನ್ನು ನೋಡಿ ನೋಡಿ ಅವರಿಗೆ ತಲೆ ಕೆಟ್ಟಿತ್ತು. ಬೈಗುಳವಾಗಿ ಹುಟ್ಟಿದ ಹೆಸರು ಕಾಲುವೆಯ ಎರಡೂ ದಡಕ್ಕೆ ಹಬ್ಬಿ, ಈಗ ಯಾವುದಾದರೂ ಕಂದ ‘ನಿಧಾನಕ್ಕ’ ಎಂದು ತೊದಲಿದರೆ ಅವರು ಓಗೊಡುತ್ತಾರೆ.

“ಹಗಲಲ್ಲಿ ಬಂದೋರು ಬಾಗಿಲ ಕಡೆ ನೋಡ್ತಾ ಮಾತಾಡ್ತಾರೆ” ಎನ್ನುತ್ತಾರೆ ನಿಧಾನಕ್ಕ. “ಯಾರು ಕಂಡ್ರೋ, ಅತ್ತೆಗೆ ಯಾರು ಹೇಳಿಬಿಟ್ರೋ ಅಂತ. ಪಾಳಿ ಮುಗಿಸಿ ಬಂದೋರು ಹಾಗಲ್ಲ. ಅರ್ಧ ನಿದ್ದೇಲಿರ್ತಾರಲ್ಲ, ಮನಸ್ಸಿಗೆ ಇನ್ನೂ ಚಿಲಕ ಹಾಕಿರಲ್ಲ. ಕೇಳಿದ್ದಕ್ಕೆ ನಿಜಾನೇ ಹೇಳ್ತಾರೆ.” ಅದಕ್ಕೇ ಕೋಣೆಯ ವೇಳೆಯನ್ನೇ ಅವರು ಬೆಳಗಿನ ಜಾವಕ್ಕೆ ತಂದಿಟ್ಟಿದ್ದು. ಮೇಲಿನವರನ್ನು ಒಪ್ಪಿಸಲು ಬಹಳ ಅಲೆದರಂತೆ. ಆ ಅಲೆದಾಟದ ಕತೆ ಕೇಳಿದರೆ “ಅಯ್ಯೋ, ಅದು ಬಿಡಿ” ಎಂದು ಚಹಾ ಸೋಸಲು ತಿರುಗುತ್ತಾರೆ.

ಇವತ್ತು ಮೊದಲು ಬಂದವಳು ಹೊಸದಾಗಿ ಮದುವೆಯಾದ ಹುಡುಗಿ. ಬೆಂಚಿನ ತುದಿಯಲ್ಲಿ ಕೂತು, ಕಣ್ಣೆಳೆಯುತ್ತಾ, ಎಲ್ಲರೂ ಕೇಳುವುದನ್ನೇ ಕೇಳುತ್ತಾಳೆ.

“ಇದರಲ್ಲಿ ಯಾವುದು ಒಳ್ಳೇದಕ್ಕ?”

“ಚಪ್ಪಲಿ ಅಂಗಡೀಲಿ ಯಾವ ಚಪ್ಪಲಿ ಒಳ್ಳೇದು ಅಂತ ಕೇಳಿದ್ರೆ ಏನಂತಾರೆ?”

“ಕಾಲು ತೋರ್ಸಿ ಅಂತಾರೆ.”

“ಹೂಂ. ತೋರ್ಸು ನೋಡೋಣ.”

ಹುಡುಗಿ ನಿಜಕ್ಕೂ ಕಾಲು ಮುಂದೆ ಮಾಡಿ, ಆಮೇಲೆ ನಾಚಿ ನಗುತ್ತಾಳೆ. ನಗು ಬಂದ ಮೇಲೆಯೇ ನಿಧಾನಕ್ಕನ ಕೆಲಸ ಶುರು. ಮಕ್ಕಳು ಯಾವಾಗ ಬೇಕು? ಮುಟ್ಟು ಸರಿಯಾಗಿ ಬರುತ್ತಾ, ಜಾಸ್ತಿ ಹೋಗುತ್ತಾ? ಬೀಡಿ ಸಿಗರೇಟು ಅಭ್ಯಾಸ ಇದೆಯಾ? ರಕ್ತದೊತ್ತಡ ನೋಡಿಸಿದೀಯಾ? ಗಂಡನಿಗೆ ಗೊತ್ತಿದೆಯಾ, ಗೊತ್ತಾದರೆ ಏನಂತಾನೆ? ಉತ್ತರ ಬಂದಂತೆಲ್ಲ ನೀಲಿ ಬಟ್ಟೆಯ ಮೇಲಿನ ಸಾಮಾನು ಹತ್ತಿರ ಬರುತ್ತವೆ, ದೂರ ಸರಿಯುತ್ತವೆ. ದಿನಾ ನೆನಪಿಟ್ಟು ನುಂಗಿದರೆ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ, ಜಾಸ್ತಿ ಹೋಗುವ ಮುಟ್ಟೂ ಹದಕ್ಕೆ ಬರುತ್ತದೆ. ಆದರೆ ಮರೆಗುಳಿಗಳಿಗೆ ಅದು ಆಗಿಬರುವುದಿಲ್ಲ. ಮೂರು ತಿಂಗಳಿಗೊಮ್ಮೆಯ ಚುಚ್ಚುಮದ್ದಿನಲ್ಲಿ ಮುಟ್ಟು ಏರುಪೇರಾಗಬಹುದು. ಬಿಟ್ಟ ಮೇಲೆ ಮತ್ತೆ ಬಸಿರು ನಿಲ್ಲಲು ತಡವಾಗಬಹುದು. ಅದಕ್ಕೆ, ಮುಂದಿನ ವರ್ಷವೇ ಮಗು ಬೇಕೆನ್ನುವವಳಿಗೆ ಬೇಡ. ರೋಗ ಹರಡದಂತೆಯೂ ಕಾಯುವುದು ಇವಿಷ್ಟರಲ್ಲಿ ಕಾಂಡೋಮ್ ಒಂದೇ.

“ಕಾಪರ್-ಟಿ ಮೇಲೆ ಹತ್ತಿ ಎದೆಗೆ ಹೋಗಿ ಕೂರುತ್ತಂತೆ, ಹೌದಾ?” ಹುಡುಗಿ ದನಿ ತಗ್ಗಿಸುತ್ತಾಳೆ.

ನಿಧಾನಕ್ಕ ಬಟ್ಟೆಯ ಗರ್ಭಕೋಶವನ್ನು ಅವಳ ಕೈಗೇ ಕೊಡುತ್ತಾರೆ. “ಬೆರಳು ಹಾಕಿ ದಾರಿ ಹುಡುಕು.” ಹುಡುಗಿ ಹುಡುಕುತ್ತಾಳೆ. ದಾರಿ ಸಿಗುವುದಿಲ್ಲ. “ಹಾಕೋವಾಗ ಚೀಲಕ್ಕೆ ಚುಚ್ಚಿಕೊಳ್ಳೋದು ಅಪರೂಪಕ್ಕೆ ಉಂಟು, ಇಲ್ಲ ಅನ್ನಲ್ಲ. ಅದಕ್ಕೇ ಪಳಗಿದ ಕೈಯೇ ಹಾಕ್ಬೇಕು. ಕೆಲವರಿಗೆ ತಾನಾಗೇ ಜಾರಿ ಬೀಳೋದೂ ಉಂಟು. ಮೊದಮೊದಲು ಹೊಟ್ಟೆ ನುಲಿಯುತ್ತೆ, ಮುಟ್ಟು ಜಾಸ್ತಿ ಹೋಗುತ್ತೆ. ಎದೆಗೆ ಮಾತ್ರ ಹೋಗಲ್ಲ ಮಗಳೇ. ಎದೆಗೆ ಹೋಗೋದು ಆ ಸುದ್ದಿ.”

ಒಂದು ಪ್ರಶ್ನೆಯನ್ನು ಮಾತ್ರ ನಿಧಾನಕ್ಕ ಕೇಳುವುದಿಲ್ಲ. ಅದು ಹೊರಗೆ ಅಂಗಳದಲ್ಲಿ ಆಗಿಹೋಗಿರುತ್ತದೆ. ಅಲ್ಲಿ ಗೋಡೆಗೆ ಒತ್ತಿ ನಿಂತ ಗಾಲಿಕುರ್ಚಿಯಲ್ಲಿ, ಮೊಣಕಾಲಿಗೆ ಶಾಲು ಹೊದ್ದು, ನಿಧಾನಕ್ಕನ ಒಡಹುಟ್ಟಿದ ಅಕ್ಕ ಕೂತಿರುತ್ತಾರೆ. ಎಲ್ಲರಿಗೂ ಅವರು ದೊಡ್ಡಕ್ಕ. ಬಲಗೈ ಮಡಿಲಲ್ಲಿ ನಿದ್ದೆ ಹೋದಂತೆ ಬಿದ್ದಿದೆ. ತುಟಿಯ ಒಂದು ಅಂಚು ಮಾತಿಗೆ ಕೂಡಿಕೊಳ್ಳುವುದಿಲ್ಲ. ಬಂದವರ ಕೈಯನ್ನು ಎಡಗೈಯಲ್ಲಿ ಹಿಡಿದು, ಒಂದೊಂದೇ ಪದವನ್ನು ಕೊಡದಿಂದ ಎತ್ತಿದ ಹಾಗೆ ಎತ್ತಿ ಕೇಳುತ್ತಾರೆ: “ನಿಂಗೆ... ತಲೆನೋವು... ಬರುತ್ತಾ? ಬರೋಕೆ ಮುಂಚೆ... ಕಣ್ಣ ಮುಂದೆ... ಬೆಳಕು ಕುಣಿಯುತ್ತಾ?”

ಆ ಬೆಳಕನ್ನು ದೊಡ್ಡಕ್ಕ ಚೆನ್ನಾಗಿ ಬಲ್ಲರು.

ಅಕ್ಕ-ತಂಗಿ ಬೆಳೆದದ್ದು ಚಿಕ್ಕಮ್ಮನ ಮನೆಯಲ್ಲಿ. ಕೆಳಗೆ ಬಟ್ಟೆ ಒಗೆಯುವ ಅಂಗಡಿ, ಮೇಲೆ ವಾಸ. ಹಬೆ ತುಂಬಿದ ಆ ಮನೆಯಲ್ಲಿ ಗೋಡೆಗಳೂ ಬೆವರುತ್ತಿದ್ದವು. ತಂಗಿ ನರ್ಸಿಂಗ್ ಓದಲು ಬೇರೆ ಊರಿಗೆ ಹೋದಳು, ಅಕ್ಕ ಬ್ರೆಡ್ಡು ಸುಡುವವನನ್ನು ಮದುವೆಯಾದಳು. ಒಂದು ಹೆಣ್ಣುಮಗುವಾಯಿತು. ಮಗು ನಡೆಯಲು ಕಲಿತ ಮೇಲೆ, ಇನ್ನೊಂದಕ್ಕೆ ಈಗಲೇ ಅವಸರ ಬೇಡವೆಂದು, ಪಕ್ಕದ ಮನೆಯಾಕೆ ತೆಗೆದುಕೊಳ್ಳುತ್ತಿದ್ದ ಮಾತ್ರೆಯನ್ನೇ ದೊಡ್ಡಕ್ಕನೂ ತರಿಸಿ ನುಂಗತೊಡಗಿದರು. ಪಕ್ಕದ ಮನೆಯಾಕೆಗೆ ಅದರಿಂದ ಕೂದಲೂ ಕೊಂಕಿರಲಿಲ್ಲ. ಔಷಧಿ ಅಂಗಡಿಯವನು ಕೇಳಲಿಲ್ಲ, ಇವರೂ ಹೇಳಲಿಲ್ಲ. ಹೇಳಬೇಕೆಂದು ಗೊತ್ತಿದ್ದರಲ್ಲವೇ? ಚಿಕ್ಕಂದಿನಿಂದಲೂ ದೊಡ್ಡಕ್ಕನಿಗೆ ಅರೆತಲೆನೋವು. ಅದು ಬರುವ ಮುನ್ನ ಕಣ್ಣಂಚಿನಲ್ಲಿ ಅಂಕುಡೊಂಕಿನ ಬೆಳ್ಳಿಗೆರೆಗಳು ಹರಿದಾಡುತ್ತಿದ್ದವು. “ಚೆನ್ನಾಗಿರ್ತಿತ್ತು ನೋಡೋಕೆ” ಎಂದು ಈಗಲೂ ಅರ್ಧ ತುಟಿಯಲ್ಲಿ ನಗುತ್ತಾರೆ. ಒಂದು ಮಧ್ಯಾಹ್ನ ಮಗುವಿಗೆ ಅಂಗಿ ತೊಡಿಸುತ್ತಿದ್ದಾಗ ಬೆಳಕು ಕುಣಿಯಿತು. ಗುಂಡಿ ಹಾಕುತ್ತಿದ್ದ ಬಲಗೈ ಅಲ್ಲೇ ನಿಂತುಹೋಯಿತು. ಪಾರ್ಶ್ವವಾಯು.

“ಮಾತ್ರೆಯೊಂದರಿಂದಲೇ ಹೀಗಾಯ್ತು ಅಂತ ಯಾರೂ ಆಣೆ ಮಾಡಿ ಹೇಳಲಿಲ್ಲ” ಎನ್ನುತ್ತಾರೆ ನಿಧಾನಕ್ಕ. ಈ ಮಾತಾಡುವಾಗ ಅವರ ಕೈ ನೀಲಿ ಬಟ್ಟೆಯ ಸುಕ್ಕು ತೀಡುತ್ತಿರುತ್ತದೆ. “ಆ ಥರ ತಲೆನೋವು ಇದ್ದೋರಿಗೆ ಆ ಜಾತಿ ಮಾತ್ರೆ ಕೊಡಬಾರದಿತ್ತು, ಕೇಳಬೇಕಿತ್ತು ಅಂದ್ರು ದೊಡ್ಡಾಸ್ಪತ್ರೆಯೋರು. ಕೇಳಬೇಕಿತ್ತು. ಅದೊಂದು ಮಾತು ನನ್ನ ತಲೇಲಿ ಕೂತುಬಿಡ್ತು. ಮಾತ್ರೆ ಮೇಲೆ ನನಗೆ ಸಿಟ್ಟಿಲ್ಲ. ಅದೇ ಮಾತ್ರೆ ಎಷ್ಟು ಜನರ ಸಂಸಾರ ನೆಟ್ಟಗಿಟ್ಟಿದೆ ಅಂತ ದಿನಾ ನೋಡ್ತೀನಲ್ಲ.”

ಭಾವ ಹೆಂಡತಿಯ ಕೈ ಬಿಡಲಿಲ್ಲ. ಮಗಳನ್ನು ಬೆಳೆಸಿ ಮದುವೆ ಮಾಡಿಕೊಟ್ಟರು. ಈಗಲೂ ಬೆಳಗಿನ ಒಲೆ ಕೆಲಸ ಮುಗಿಸಿ, ಮೈಮೇಲೆ ಹಿಟ್ಟು ಹಾಗೇ ಇರುವಾಗ, ಗಾಲಿಕುರ್ಚಿ ತಳ್ಳಿಕೊಂಡು ಮಂಜಿನಲ್ಲಿ ಬರುತ್ತಾರೆ. ಮಡಿಲಲ್ಲಿ ಬಿಸಿ ಬ್ರೆಡ್ಡಿನ ಪೊಟ್ಟಣ ಇಟ್ಟುಕೊಂಡ ದೊಡ್ಡಕ್ಕ ಅಂಗಳಕ್ಕೆ ಬಂದರೆಂದರೆ ಕೋಣೆಗೆ ಬೆಳಗಾಯಿತು ಎಂದು ಅರ್ಥ.

ದೊಡ್ಡಕ್ಕ ಇಲ್ಲಿಗೆ ಬರಲು ಶುರುಮಾಡಿದ್ದು ಮನೆಯಲ್ಲಿ ಬೇಸರವಾಗಿ. ಪಾಳಿ ಬಿಟ್ಟ ಹೆಂಗಸರು ತಮ್ಮ ಸರದಿ ಬರುವವರೆಗೆ ಅವರ ಸುತ್ತ ಕೂರುತ್ತಿದ್ದರು. ಒಂದು ದಿನ ಯಾರೋ ಕೈಗೇನಾಯಿತೆಂದು ಕೇಳಿದರು, ದೊಡ್ಡಕ್ಕ ಹೇಳಿದರು. ಮುಚ್ಚಿಡುವಂಥದ್ದೇನಿತ್ತು? ಆದರೆ ಕತೆ ಸೇತುವೆ ದಾಟುವ ಹೊತ್ತಿಗೆ ಅದರ ಬಾಲ ಕತ್ತರಿಸಿಹೋಗಿತ್ತು. ತಲೆನೋವು, ಕುಣಿಯುವ ಬೆಳಕು ಎಲ್ಲ ಉದುರಿಹೋಗಿ, ‘ಮಾತ್ರೆ ನುಂಗಿದರೆ ಕೈಕಾಲು ಬಿದ್ದುಹೋಗುತ್ತೆ’ ಎಂಬುದಷ್ಟೇ ಗಿರಣಿ ತಲುಪಿತು. ಬೆಂಚು ಖಾಲಿಯಾಗತೊಡಗಿತು. ನಿಧಾನಕ್ಕ ಚಹಾ ಕಾಸಿಟ್ಟು ಕಾಯುತ್ತಿದ್ದರು. ಹೆಂಗಸರು ಸೇತುವೆ ಇಳಿದು, ಮುಖ ತಿರುಗಿಸಿ, ಬಲಕ್ಕೆ ಹೊರಳುತ್ತಿದ್ದರು.

ಹಾಗೆ ಬಲಕ್ಕೆ ಹೊರಳಿದವರಲ್ಲಿ ಚುರುಕಿಯೂ ಒಬ್ಬಳು. ಗಿರಣಿಯಲ್ಲಿ ಕಡಿದ ಎಳೆ ಜೋಡಿಸುವುದು ಅವಳ ಕೆಲಸ. ಕಣ್ಣು ಮಿಟುಕಿಸುವುದರೊಳಗೆ ಗಂಟು ಹಾಕುವ ಬೆರಳಿಗಾಗಿ ಬಂದ ಹೆಸರದು. ಎರಡನೇ ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ಇನ್ನೊಂದು ಬಸಿರು ಬೇಡವೆಂದು ಡಾಕ್ಟರು ಎಚ್ಚರಿಸಿದ್ದರು. ನಿಧಾನಕ್ಕ ಎಲ್ಲ ಕೇಳಿ, ನೋಡಿ ಕೊಟ್ಟ ಮಾತ್ರೆ ಅವಳಿಗೆ ಒಗ್ಗಿತ್ತು. ತಲೆನೋವೆಂದರೆ ಏನೆಂದೇ ಅರಿಯದ ಹೆಂಗಸು. ಗಿರಣಿಯ ಸುದ್ದಿ ಕೇಳಿದ ದಿನ ಮಾತ್ರೆಯ ಹಾಳೆಯನ್ನು ಕಾಲುವೆಗೆ ಎಸೆದಳು. ಅದು ತಿರುಗುತ್ತಾ, ಹೊಳೆಯುತ್ತಾ ಹೋಯಿತೆಂದು ಅವಳೇ ಹೇಳುತ್ತಾಳೆ. ಕೆಲವೇ ತಿಂಗಳಲ್ಲಿ ಬಸಿರಾದಳು.

ಚುರುಕಿಯ ಹೆರಿಗೆಯ ದಿನ ನಿಧಾನಕ್ಕ ದೊಡ್ಡಾಸ್ಪತ್ರೆಯ ಮೊಗಸಾಲೆಯಲ್ಲಿದ್ದರು. ಮಗು ಅತ್ತ ದನಿ ಕೇಳಿತು, ಆಮೇಲೆ ಓಡಾಡುವ ಕಾಲುಗಳ ಸಪ್ಪಳ ನಿಲ್ಲಲೇ ಇಲ್ಲ. ಬಾಟಲಿಯ ಮೇಲೆ ಬಾಟಲಿ ರಕ್ತ ಏರಿಸಿದರು. ಚುರುಕಿ ಉಳಿದಳು. ಗಂಡುಮಗು ದುಂಡಗೆ, ಗಟ್ಟಿಯಾಗಿತ್ತು. ಆದರೆ ಅವಳ ಮುಖ ತೊಳೆದ ಬಟ್ಟೆಯಂತೆ ಬಿಳುಚಿತ್ತು. ಎಳೆ ಜೋಡಿಸುವ ಜಾಗಕ್ಕೆ ಗಿರಣಿಯವರು ಬೇರೆಯವರನ್ನು ನಿಲ್ಲಿಸಿದ್ದರು.

ಆ ಸಂಜೆ ಅಕ್ಕನ ಮನೆಗೆ ಬಂದ ತಂಗಿ ಏನನ್ನೂ ಮುಚ್ಚಿಡಲಿಲ್ಲ.

“ನಾಳೆಯಿಂದ ನಾನು ಬರಲ್ಲ” ಎಂದರು ದೊಡ್ಡಕ್ಕ.

“ನೀನು ಬಾರದೇ ಇದ್ರೆ ಆ ಸುದ್ದೀನೇ ನಿಜ ಅಂದ ಹಾಗಾಗುತ್ತೆ.”

“ನನ್ನ ನೋಡಿ... ಹೆದರ್ತಾರೆ ಕಣೇ.”

“ಹೆದರಿದೋರಿಗೆ ಪೂರ್ತಿ ಕತೆ ಹೇಳೋರು ನಿನ್ನ ಬಿಟ್ರೆ ಇನ್ಯಾರಿದಾರೆ?”

ದೊಡ್ಡಕ್ಕ ಮಾರನೆಯ ದಿನ ಬಂದರು. ಅಂಗಳದಲ್ಲಿ ಅಲ್ಲ, ಸೇತುವೆಯ ಬುಡದಲ್ಲೇ ಕುರ್ಚಿ ನಿಲ್ಲಿಸೆಂದು ಗಂಡನಿಗೆ ಹೇಳಿದರು. ಮಂಜಿನಿಂದ ಹೊರಬಂದ ಹೆಂಗಸರಿಗೆ ಅವರನ್ನು ದಾಟದೆ ಬಲಕ್ಕೆ ಹೊರಳುವಂತಿರಲಿಲ್ಲ. ಒಬ್ಬೊಬ್ಬರ ಕೈ ಹಿಡಿದು ತಲೆನೋವಿನ ಪ್ರಶ್ನೆ ಕೇಳಿದರು. ಇಲ್ಲ ಎಂದವರಿಗೆ “ಹಾಗಾದ್ರೆ ನನ್ನ ಕತೆ... ನಿನ್ನ ಕತೆಯಲ್ಲ” ಎಂದರು. ಹೌದು ಎಂದವರಿಗೆ “ನನ್ನ ತಂಗಿ ಹತ್ರ ಹೋಗು. ಬೇರೆ ದಾರಿ... ಬೇಕಾದಷ್ಟಿದೆ” ಎಂದರು. ಅವರ ಮಾತು ಅವಸರದವರಿಗಲ್ಲ. ಒಂದು ವಾಕ್ಯ ಮುಗಿಯುವವರೆಗೆ ನಿಂತವರು ಇನ್ನೊಂದಕ್ಕೂ ನಿಂತರು. ಎಷ್ಟೋ ಬೆಳಗುಗಳು ಹೀಗೇ ಹೋದವು. ಬೆಂಚು ಮೆಲ್ಲಗೆ, ಬಹಳ ಮೆಲ್ಲಗೆ ತುಂಬಿತು. ದೊಡ್ಡಕ್ಕನ ಕುರ್ಚಿಯೂ ಅಂಗಳಕ್ಕೆ ಮರಳಿತು. ನಡುವೆ ಒಬ್ಬಳು, ಬೆಳಕು ಕುಣಿಯುತ್ತದೆ ಅಂದವಳು, ನಾದಿನಿಯಿಂದ ಪಡೆದ ಮಾತ್ರೆಯನ್ನು ಕಿಸೆಯಲ್ಲೇ ಇಟ್ಟುಕೊಂಡಿದ್ದಳು. ಅವಳಿಗೀಗ ತೋಳಿನ ಚರ್ಮದಡಿ ಕಡ್ಡಿ ಇದೆ. ರಜೆಯ ದಿನ ಬಂದು ದೊಡ್ಡಕ್ಕನ ತಲೆ ಬಾಚಿ ಹೋಗುತ್ತಾಳೆ.

ಚುರುಕಿ ಬಂದದ್ದು ಎಲ್ಲರಿಗಿಂತ ಕೊನೆಗೆ. ಕಂಕುಳಲ್ಲಿ ಕೂಸು, ಹಿಂದೆ ಗಂಡ. ಅವನು ಗಿರಣಿಯ ಗೇಟು ಕಾಯುವವನು. ಅಭ್ಯಾಸಬಲದಿಂದ ಇಲ್ಲಿಯೂ ಬಾಗಿಲ ಪಕ್ಕದಲ್ಲೇ ನಿಂತ. ಚುರುಕಿ ನೇರ ದೊಡ್ಡಕ್ಕನ ಮುಂದೆ ಹೋದಳು.

“ನಿಮ್ಮ ಕತೆ ಕೇಳಿ ಬಿಟ್ಟೆ ಮಾತ್ರೇನ. ಸಾಯೋದೊಂದು ಬಾಕಿ ಇತ್ತು.”

ದೊಡ್ಡಕ್ಕ ಎಡಗೈ ಚಾಚಿದರು. ಚುರುಕಿ ಆ ಕೈಯನ್ನು ನೋಡುತ್ತಾ ನಿಂತಳು. ಆಮೇಲೆ, ಇನ್ನೇನು ಮಾಡಬೇಕೆಂದು ತೋಚದೆಯೋ ಏನೋ, ಕೂಸನ್ನು ಅವರ ಮಡಿಲಲ್ಲಿ ಇಳಿಸಿದಳು. ಕೂಸು ನಿದ್ದೆ ಹೋದ ಆ ಬಲಗೈಯ ಹೆಬ್ಬೆರಳನ್ನು ಹಿಡಿದು ಬಾಯಿಗಿಟ್ಟುಕೊಂಡಿತು. ಆ ಬೆಳಗು ಅಂಗಳದಲ್ಲಿದ್ದವರು ಇದನ್ನು ಒಬ್ಬೊಬ್ಬರೂ ಒಂದೊಂದು ರೀತಿ ಹೇಳುತ್ತಾರೆ. ದೊಡ್ಡಕ್ಕ ಅತ್ತದ್ದು ಮಾತ್ರ ಎಲ್ಲರ ಹೇಳಿಕೆಯಲ್ಲೂ ಇದೆ.

ಒಳಗೆ ಚುರುಕಿ ಕಾಪರ್-ಟಿ ಹಾಕಿಬಿಡಿ ಎಂದಳು. ನಿಧಾನಕ್ಕ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಕೆಂಪೇ ಇರಲಿಲ್ಲ. “ಮೈಯಲ್ಲಿ ರಕ್ತ ಇಲ್ಲ ನಿಂಗೆ. ಇದು ಹಾಕಿದ್ರೆ ಮುಟ್ಟು ಇನ್ನೂ ಜಾಸ್ತಿ ಹೋದೀತು. ಮೊದಲು ರಕ್ತ ಕೂಡಲಿ. ಹಾಲು ಕುಡಿಸ್ತಿದೀಯ, ಹಳೇ ಮಾತ್ರೇನೂ ಈಗ ಬೇಡ. ಚುಚ್ಚುಮದ್ದು ಇದೆ, ಕಡ್ಡಿ ಇದೆ. ಇನ್ನು ಮಕ್ಕಳೇ ಬೇಡ ಅನ್ನೋದಾದ್ರೆ ಆಪರೇಷನ್ ಇದೆ.”

“ಮತ್ತೆ ಕತ್ತರಿ, ಮತ್ತೆ ಹಾಸಿಗೆ” ಎಂದಳು ಚುರುಕಿ, ಯಾರಿಗೂ ಅಲ್ಲದಂತೆ.

ಬಾಗಿಲ ಹತ್ತಿರದಿಂದ ಕೆಮ್ಮು ಕೇಳಿತು. “ಗಂಡಸರಿಗೂ ಅದು ಇರುತ್ತಂತಲ್ಲ” ಎಂದ ಗೇಟಿನವನು, ಗೋಡೆ ನೋಡುತ್ತಾ. “ಮಾಡಿಸ್ಕೊಂಡ್ರೆ ಬಲ ಹೋಗುತ್ತೆ ಅಂತಾರೆ.”

“ಎಲ್ಲಿಗೆ ಹೋಗುತ್ತೆ?” ಎಂದರು ನಿಧಾನಕ್ಕ.

ಅವನು ನಕ್ಕ. ಚುರುಕಿ ನಗಲಿಲ್ಲ, ಗಂಡನನ್ನೇ ನೋಡುತ್ತಿದ್ದಳು, ದಿನಾ ಓಡಾಡುವ ಬೀದಿಯಲ್ಲಿ ಕಂಡಿರದ ಒಂದು ಕಿಟಕಿ ತೆರೆದ ಹಾಗೆ. ನಿಧಾನಕ್ಕ ಅವನನ್ನು ಒಳಗೆ ಕರೆದು ಕೂರಿಸಿ ಎಲ್ಲ ಹೇಳಿದರು. ಹೆಂಗಸರ ಆಪರೇಷನ್ನಿಗಿಂತ ಇದು ಚಿಕ್ಕದು. ನಾಲ್ಕು ದಿನ ನೋವು, ಬಾವು ಇರಬಹುದು. ಗಾಯ ನಂಜಾಗದಂತೆ ನೋಡಿಕೊಳ್ಳಬೇಕು. ಕೆಲವರಿಗೆ ನೋವು ಬಹಳ ದಿನ ಉಳಿಯುವುದೂ ಉಂಟು, ಅಪರೂಪಕ್ಕೆ. ಮೂರು ತಿಂಗಳು ಕಾಂಡೋಮ್ ಬಳಸಿ, ಪರೀಕ್ಷೆ ಮಾಡಿಸಿ, ಆಯಿತೆಂದ ಮೇಲೆಯೇ ಆಯಿತು. ಬಲ ಎಲ್ಲಿಗೂ ಹೋಗುವುದಿಲ್ಲ. ಆದರೆ ಮಾಡಿಸಿದ ಮೇಲೆ ಬೇಡವಾಗಿತ್ತು ಎಂದರೆ ಹಿಂದಿನ ಹಾಗೆ ಮಾಡುವುದು ಕಷ್ಟ.

“ಇವತ್ತೇ ಮಾಡಿಸ್ಬಿಡ್ತೀನಿ” ಎಂದ ಅವನು.

“ಇವತ್ತು ಬೇಡ. ಹೆಂಡತಿ ಸೋತು ಕೂತಿರೋದು ಕಂಡು ಹೇಳ್ತಿದೀಯ, ಒಳ್ಳೇದೇ. ಹೋಗಿ ನಿದ್ದೆ ಮಾಡು. ಎದ್ದ ಮೇಲೂ ಹೀಗೇ ಅನ್ನಿಸಿದ್ರೆ ಬಾ.”

ಅವತ್ತು ಕಾಂಡೋಮಿನ ಪೊಟ್ಟಣ ಕೊಟ್ಟು ಕಳಿಸಿದರು. ಹೊಸ ಡಾಕ್ಟರಮ್ಮ ಇದನ್ನು ಕೇಳಿ ತಲೆ ಚಚ್ಚಿಕೊಂಡರಂತೆ. ವರ್ಷಕ್ಕೊಬ್ಬ ಗಂಡಸು ಈ ಮಾತಿಗೆ ಒಪ್ಪುವುದೇ ಹೆಚ್ಚು, ಒಪ್ಪಿದವನನ್ನೂ ಮನೆಗೆ ಕಳಿಸಿದಿರಲ್ಲ ಎಂದು. ದಿನಗಳು ಕಳೆದವು. ಅವನು ಬರಲಿಲ್ಲ. ಡಾಕ್ಟರಮ್ಮ ಕಂಡಾಗೆಲ್ಲ ಹುಬ್ಬು ಏರಿಸುತ್ತಿದ್ದರು. ನಿಧಾನಕ್ಕನಿಗೂ ಒಳಗೊಳಗೇ ಅಳುಕು. ಸೇತುವೆಯ ಮೇಲೆ ಗಂಡಸರ ನೆರಳು ಕಂಡಾಗೆಲ್ಲ ಕಣ್ಣು ಅತ್ತ ಹೋಗುತ್ತಿತ್ತು.

ಹದಿನೈದು ದಿನವಾಯಿತೋ ಇಪ್ಪತ್ತೋ, ಒಂದು ಬೆಳಗ್ಗೆ ಅವನು ಬಂದ. ಒಬ್ಬನೇ ಅಲ್ಲ, ಗಿರಣಿಯ ಬಾಯ್ಲರ್ ನೋಡಿಕೊಳ್ಳುವವನನ್ನೂ ಕರೆತಂದಿದ್ದ. “ಇವನು ಮಾಡಿಸ್ಕೊಳ್ಳಲ್ಲ” ಎಂದ ಗೇಟಿನವನು, “ಕೇಳಿಸ್ಕೊಳ್ಳೋಕೆ ಬಂದಿದಾನೆ. ನಾನು ಹೇಳಿದ್ರೆ ನಂಬಲ್ಲ ಅಂತಾನೆ.” ಬಾಯ್ಲರಿನವನು ಚಹಾ ಕುಡಿದು, ಬ್ರೆಡ್ಡು ತಿಂದು, ಬಟ್ಟೆಯ ಗರ್ಭಕೋಶವನ್ನು ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ ಹೆಂಡತಿಯನ್ನು ನಾಳೆ ಕಳಿಸುತ್ತೇನೆ ಎಂದ. “ಜತೇಲಿ ನೀನೂ ಬಾ” ಎಂದರು ನಿಧಾನಕ್ಕ.

ಗೇಟಿನವನ ಆಪರೇಷನ್ ಸಲೀಸಾಗಿ ಮುಗಿಯಿತು. ಎರಡು ದಿನ ಮನೆಯಲ್ಲಿ ಮಲಗಿದ್ದಾಗ ಅವನ ತಾಯಿ, ಮಗನಿಗೇನೋ ಆಗಿಹೋಯಿತೆಂದು ಗೋಳಾಡುತ್ತಾ ಬಂದರು. ಚುರುಕಿಯೇ ಅತ್ತೆಯನ್ನು ಕೂರಿಸಿ ತಿಳಿಹೇಳಿದಳಂತೆ, ಒಂದೊಂದು ಮಾತೂ ನಿಧಾನಕ್ಕನದೇ. ಅವಳ ಮುಖಕ್ಕೆ ಈಗ ರಂಗು ಮರಳಿದೆ. ಗಿರಣಿಯಲ್ಲಿ ಹಳೇ ಜಾಗವೂ ಸಿಕ್ಕಿದೆ. ಹೊಸದಾಗಿ ಸೇರುವ ಹುಡುಗಿಯರಿಗೆ ಸೇತುವೆ ಇಳಿದು ಎಡಕ್ಕೆ ತಿರುಗಬೇಕೆಂದು ತೋರಿಸುವವಳು ಅವಳೇ.

ಹೊತ್ತೇರುತ್ತದೆ. ಮಂಜು ಕಾಲುವೆಯಿಂದ ಎದ್ದು ಹೋಗುತ್ತದೆ. ಹೊಸ ಮದುವೆಯ ಹುಡುಗಿ ಮಾತ್ರೆಯ ಹಾಳೆಯನ್ನು ಅಂಗಿಯೊಳಗೆ ಇಟ್ಟುಕೊಂಡು, ಏನಾದರೆ ತಕ್ಷಣ ಓಡಿಬರಬೇಕು ಎಂಬುದನ್ನು ಪಾಠ ಒಪ್ಪಿಸುವ ಹಾಗೆ ಒಪ್ಪಿಸುತ್ತಾಳೆ: ಕಾಲಿನ ಮೀನಖಂಡದಲ್ಲಿ ಬಾವು ನೋವು, ಎದೆ ಹಿಡಿದ ಹಾಗೆ, ಉಸಿರು ಕಟ್ಟಿದ ಹಾಗೆ, ಹಿಂದೆಂದೂ ಬಾರದಂಥ ತಲೆನೋವು. ಒಪ್ಪಿಸಿ ಮುಗಿಸಿ, ಆಕಳಿಸುತ್ತಾ ಬಿಸಿಲಿಗೆ ಇಳಿಯುತ್ತಾಳೆ.

ನಿಧಾನಕ್ಕನಿಗೆ ಕೆಲಸದಿಂದ ಬಿಡುಗಡೆಗೆ ಇನ್ನು ಬಹಳ ದಿನವಿಲ್ಲ. ಸನ್ಮಾನ, ಹೂಮಾಲೆ ಅಂದರೆ ಮಾರು ದೂರ. ಇಷ್ಟು ವರ್ಷದ ದುಡಿಮೆಗೆ ಕಣ್ಣಿಗೆ ಕಾಣುವಂಥದ್ದೇನಾದರೂ ಉಳಿದಿದೆಯೇ ಎಂದು ಕೇಳಿದರೆ, ಕೈಯೊರೆಸಿಕೊಂಡು ಕಿಟಕಿಯ ಬಳಿ ಬರುತ್ತಾರೆ. ಹೊರಗೆ ಶಾಲೆಗೆ ಹೊರಟ ಮಕ್ಕಳು ಸೇತುವೆಯ ಕಂಬಿಗಳ ಮೇಲೆ ಕೋಲಾಡಿಸುತ್ತಾ, ಸದ್ದೆಬ್ಬಿಸುತ್ತಾ ಹೋಗುತ್ತಿದ್ದಾರೆ.

“ಹೇಳದೆ ಕೇಳದೆ ಬಂದ ಮಕ್ಕಳಿಗೂ ಅಮ್ಮಂದಿರು ಜಾಗ ಮಾಡ್ತಾರೆ, ಅದು ಬೇರೆ ಮಾತು” ಎನ್ನುತ್ತಾರೆ. “ಆದ್ರೆ ಅಗೋ, ಅಲ್ಲಿ ಹೋಗ್ತಾ ಇದಾರಲ್ಲ, ಅವರಲ್ಲಿ ಸುಮಾರು ಜನ ಕರೆದ ಮೇಲೆ ಬಂದೋರು. ಕರೆಸಿಕೊಂಡು ಬಂದೋರ ನಡಿಗೇನೇ ಬೇರೆ ಇರುತ್ತೆ, ನೋಡಿ.”